ಅಂಗಳಕ್ಕೆ ಹಾಸಿದ ಗೋಣಿಚೀಲ

ನಯೀಮ್ ಕೈಗೆ ಮೈಕು ಸಿಕ್ಕರೆ ಮುಂದೆ ಏನಾಗುತ್ತದೆಂದು ನನಗೆ ಬಾಯಿಪಾಠ. ಮೊದಲು ಕೆಮ್ಮುತ್ತಾನೆ. ವೇದಿಕೆ ಮೇಲೆ ಕೂತ ದೊಡ್ಡವರಿಗೆಲ್ಲ ಸಲಾಂ ಹೇಳುತ್ತಾನೆ. ಆಮೇಲೆ ನೇರ ಗೋವಾದ ಫೈನಲ್ಲಿಗೆ ಬರುತ್ತಾನೆ. "ಬಲಗಾಲಿನ ಮೊಣಕಾಲು ಊದಿ ಕುಂಬಳಕಾಯಿ ಆಗಿತ್ರಿ. ಡಾಕ್ಟ್ರು ಬಂದು, ಆಡ್ತೀಯೇನೋ ಅಂದ್ರು. ಆಡ್ತೀನಿ, ಸೂಜಿ ಚುಚ್ರಿ ಅಂದೆ. ಚುಚ್ಚಿದ್ರು. ಆಟ ಮುಗಿಯೋ ತನಕ ಒಬ್ಬನ್ನೂ ದಾಟಾಕೆ ಬಿಡ್ಲಿಲ್ಲ. ಕಪ್ ತಂದ್ವಿ." ಇಷ್ಟು ಹೇಳಿ ತಲೆ ಬಗ್ಗಿಸಿ ನಿಲ್ಲುತ್ತಾನೆ. ಚಪ್ಪಾಳೆ ಬೀಳುತ್ತದೆ. ಆ ಚಪ್ಪಾಳೆ ಬೀಳುವ ಹೊತ್ತಿಗೆ ನಾನು ಎದ್ದು ಹೊರಗೆ ಹೋಗಿರುತ್ತೇನೆ, ಯಾಕೆಂದರೆ ನನಗೆ ಮೈಯೆಲ್ಲ ಉರಿಯುತ್ತದೆ.

ನಾನು ಹನುಮೇಶ್. ಹರಿಹರದ ಒಂದು ಕಾರ್ಖಾನೆಯ ಟೀಮಿಗೆ ಗೋಲ್‌ಕೀಪರ್ ಆಗಿದ್ದೆ. ಈಗ ಆ ಕಾರ್ಖಾನೆಯೂ ಇಲ್ಲ, ಟೀಮೂ ಇಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಸೈಕಲ್ ರಿಪೇರಿ ಅಂಗಡಿ ಇದೆ. ನಯೀಮ್ ನನ್ನ ಮುಂದೆ ಸ್ಟಾಪರ್ ಆಡುತ್ತಿದ್ದ. ಗೋಲಿನ ಎದುರು ನಿಂತು, ನುಗ್ಗಿ ಬರುವವರನ್ನು ತಡೆಯುವುದು ಅವನ ಕೆಲಸ. ಹಾಗಾಗಿ ಅವನ ಮುಖಕ್ಕಿಂತ ಬೆನ್ನನ್ನೇ ನಾನು ಹೆಚ್ಚು ನೋಡಿದ್ದೇನೆ. ನನಗೆ ಸಿಟ್ಟು ಜಾಸ್ತಿ ಎಂದು ಊರವರು ಹೇಳುತ್ತಾರೆ. ಹೇಳಲಿ. ಹತ್ತು ಜನ ಮಾಡಿದ ತಪ್ಪು ಕೊನೆಗೆ ಗೋಲ್‌ಕೀಪರನ ಮೈಮೇಲೆ ಬರುತ್ತದೆ. ಅಂಥವನಿಗೆ ಸಿಟ್ಟು ಬರದೆ ಸಂಗೀತ ಬರುತ್ತದೆಯೇ? ನಯೀಮ್ ತನ್ನ ಕಥೆಯನ್ನು ಅರ್ಧ ಹೇಳುತ್ತಾನೆ. ಉಳಿದರ್ಧ ಹೇಳದೆ ಬಿಟ್ಟದ್ದಕ್ಕೆ ಯಾರು ದಂಡ ತೆತ್ತರು ಎಂಬುದನ್ನು ನಾನು ಹೇಳಬೇಕಾಗಿದೆ.

ಅವನು ಹುಟ್ಟಿ ಬೆಳೆದದ್ದು ದಾವಣಗೆರೆಯ ಮಂಡಕ್ಕಿ ಹುರಿಯುವ ಭಟ್ಟಿಗಳ ಮಧ್ಯೆ. ಅವನ ಅಪ್ಪ ಮಕ್ತುಮ್ ಸಾಬ್ ಅವರದ್ದು ಸಣ್ಣ ಭಟ್ಟಿ. ಭತ್ತ ನೆನೆಸುವ ತೊಟ್ಟಿ ಒಂದು ಕಡೆ, ಒಲೆ ಇನ್ನೊಂದು ಕಡೆ, ನಡುವೆ ಭತ್ತ ಒಣಗಲು ಹರವುವ ಕಲ್ಲುಚಪ್ಪಡಿಯ ಅಂಗಳ. ಓಣಿಯ ಹುಡುಗರಿಗೆ ಚೆಂಡು ಆಡಲು ಬೇರೆ ಜಾಗವೇ ಇರಲಿಲ್ಲ, ಆ ಅಂಗಳದ ಪಕ್ಕದಲ್ಲೇ ಆಡುತ್ತಿದ್ದರು. ಚೆಂಡು ಭತ್ತದ ಮೇಲೆ ಬಿದ್ದರೆ ಮಕ್ತುಮ್ ಸಾಬ್ ಕುಡುಗೋಲು ತಂದು ಚೆಂಡನ್ನು ಸೀಳಿ ಒಲೆಗೆ ಹಾಕುತ್ತಿದ್ದರು. ಮಾತಿಲ್ಲ, ಬೈಗುಳವಿಲ್ಲ. ಆದ್ದರಿಂದ ಭತ್ತದ ಕಡೆ ಯಾರಾದರೂ ಒಬ್ಬ ನಿಲ್ಲಲೇಬೇಕಾಗಿತ್ತು. ಯಾರಿಗೂ ಆ ಜಾಗ ಬೇಡ. ಎಲ್ಲರಿಗೂ ಗೋಲು ಹೊಡೆಯುವ ಆಸೆ. ಭಟ್ಟಿಯವರ ಮಗ ಎಂದು ನಯೀಮನನ್ನೇ ಅಲ್ಲಿ ನಿಲ್ಲಿಸಿದರು. ಚೆಂಡಿರಲಿ, ಕೋಳಿಯಿರಲಿ, ಮೇಕೆಯಿರಲಿ, ಅವನನ್ನು ದಾಟಿ ಭತ್ತಕ್ಕೆ ಹೋಗುವಂತಿಲ್ಲ. ಮುಂದೆ ದೊಡ್ಡ ದೊಡ್ಡ ಕೋಚುಗಳು ಇವನಿಗೆ ಇದನ್ನು ಯಾರು ಕಲಿಸಿದರು ಎಂದು ಕೇಳುತ್ತಿದ್ದರಂತೆ. ಕುಡುಗೋಲು ಕಲಿಸಿತು ಎಂದು ಇವನು ಹೇಳುತ್ತಿದ್ದನಂತೆ.

ಹರಿಹರಕ್ಕೆ ಬಂದಾಗ ಅವನಿಗೆ ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ನಮ್ಮ ಟೀಮಿನ ಸ್ಟಾಪರ್ ಮಲೆಬೆನ್ನೂರಿನಲ್ಲಿ ಟ್ರ್ಯಾಕ್ಟರಿನಿಂದ ಬಿದ್ದು ಕೈ ಮುರಿದುಕೊಂಡಿದ್ದ. ಅವನ ಜಾಗಕ್ಕೆ ಈ ಹುಡುಗನನ್ನು ಯಾರೋ ಕರೆತಂದರು. ಕಡ್ಡಿಯಂತಿದ್ದ. ಇವನನ್ನು ಊದಿದರೆ ಹಾರುತ್ತಾನೆ ಎಂದು ನಾನೇ ನಕ್ಕಿದ್ದೆ. ಆಟ ಶುರುವಾದ ಮೇಲೆ ನಗು ನಿಂತಿತು. ಎದುರಾಳಿಯ ಕಾಲು ಏನು ಮಾಡುತ್ತದೆಂದು ಇವನು ನೋಡುತ್ತಿರಲಿಲ್ಲ, ಚೆಂಡನ್ನೇ ನೋಡುತ್ತಿದ್ದ. ಹೆಜ್ಜೆ ಹಿಂದಿಟ್ಟು ಕಾಯುತ್ತಿದ್ದ, ಸರಿಯಾದ ಹೊತ್ತಿಗೆ ಮೈಚೆಲ್ಲಿ ಜಾರಿ, ಚೆಂಡನ್ನು ಮಾತ್ರ ಎತ್ತಿಕೊಂಡು ಏಳುತ್ತಿದ್ದ. ಆ ಸೀಸನ್ನಿನಲ್ಲಿ ನನಗೆ ಕೆಲಸವೇ ಇರಲಿಲ್ಲ. ನಮ್ಮ ಫಾರ್ವರ್ಡ್ ವಿಜಯಕುಮಾರ್ ಗೋಲು ಹೊಡೆದು ಊರಿಗೆಲ್ಲ ಹೀರೋ ಆದ. ಅವನ ಕಾಲಿಗೆ ಚೆಂಡು ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಪೇಪರಿನವರಿಗೆ ಗೋಲು ಹೊಡೆದವನು ಬೇಕು, ಗೋಲು ಆಗದಂತೆ ನೋಡಿಕೊಂಡವನ ಬಗ್ಗೆ ಏನಂತ ಬರೆಯುತ್ತಾರೆ?

ಆದರೂ ಕಣ್ಣಿದ್ದವರು ನೋಡಿದರು. ಬೆಂಗಳೂರಿನ ಒಂದು ಟೀಮು ಅವನನ್ನು ಕರೆಯಿತು. ಅಲ್ಲಿಂದ ಗೋವಾದ ಒಂದು ಕ್ಲಬ್ಬು, ಸಂಬಳಕ್ಕೆ ಆಡುವ ಪಕ್ಕಾ ಪ್ರೊಫೆಷನಲ್ ಆಟಗಾರನಾದ. ರಂಜಾನಿಗೆ ಊರಿಗೆ ಬಂದರೆ ಓಣಿಯ ಹುಡುಗರು ಹಿಂದೆ ಬೀಳುತ್ತಿದ್ದರು. ದಿಲ್ಷಾದ್ ಬೇಗಂ ಜೊತೆ ನಿಕಾಹ್ ಆದದ್ದು ಆಗಲೇ. ಗೋವಾದಲ್ಲಿ ಆಡುವ ಅಳಿಯ ಎಂದು ಅವಳ ತವರಿನವರು ಕಡರನಾಯಕನಹಳ್ಳಿಯಿಂದ ಎರಡು ಟೆಂಪೋ ತುಂಬಿ ಬಂದಿದ್ದರು. ಮಕ್ತುಮ್ ಸಾಬ್ ಮಾತ್ರ ಮಗನ ಆಟ ನೋಡಿದವರಲ್ಲ. ಟಿವಿಯಲ್ಲಿ ಬರುತ್ತದೆ ಎಂದರೆ, "ಅವ್ನು ಭತ್ತ ಕಾಯೋದು ನಾನು ನೋಡೀನಲ್ಲ, ಇನ್ನೇನು ನೋಡೋದೈತೆ" ಎನ್ನುತ್ತಿದ್ದರು. ಆದರೆ ಅದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು.

ಆ ಫೈನಲ್ಲಿನ ಮಾತು ನಿಜ. ಸೂಜಿಯೂ ನಿಜ, ಕಪ್ಪೂ ನಿಜ. ನಯೀಮ್ ಹೇಳದೆ ಬಿಡುವುದು ಮರುದಿನದ್ದು. ಸೂಜಿ ನೋವನ್ನು ಮುಚ್ಚಿತೇ ಹೊರತು ಒಳಗೆ ಹರಿದದ್ದನ್ನು ಹೊಲಿಯಲಿಲ್ಲ. ಹರಿದ ಮೊಣಕಾಲಿನ ಮೇಲೆ ಪೂರ್ತಿ ಆಟ ಆಡಿ, ಮರುದಿನ ಮಂಚದಿಂದ ಕೆಳಗಿಳಿಯಲು ಅವನಿಗೆ ಆಗಲಿಲ್ಲ. ಕ್ಲಬ್ಬಿನವರು ವಾರ ಬಿಟ್ಟು ಮತ್ತೆ ಚುಚ್ಚಿಸಿದರು. ಮುಂದಿನ ಸೀಸನ್ನೆಲ್ಲ ಹಾಗೇ, ಆಟದ ಹಿಂದಿನ ದಿನ ಸೂಜಿ, ಆಟದ ಮರುದಿನ ಐಸು. ಒಂದು ದಿನ ಮೈದಾನದಲ್ಲಿ, ಯಾರೂ ಮುಟ್ಟದೆ ಇರುವಾಗ, ಬರೀ ತಿರುಗಿದ್ದಕ್ಕೆ ಕುಸಿದು ಬಿದ್ದ. ಬೆಂಗಳೂರಿನ ಡಾಕ್ಟರು ಸ್ಕ್ಯಾನಿಂಗಿನ ಫಿಲ್ಮು ಬೆಳಕಿಗೆ ಹಿಡಿದು, ಮೊದಲ ಸಲ ನೋವಾದಾಗಲೇ ಎರಡು ತಿಂಗಳು ಸುಮ್ಮನೆ ಮಲಗಿದ್ದರೆ ಇನ್ನೂ ಎಷ್ಟೋ ವರ್ಷ ಆಡಬಹುದಿತ್ತಲ್ಲ ಮಾರಾಯ ಎಂದರಂತೆ. ಕ್ಲಬ್ಬಿನ ಮ್ಯಾನೇಜರ್ ಕೈ ಕುಲುಕಿದ, ಒಂದು ಫೋಟೋ ತೆಗೆಸಿಕೊಂಡ, ಕೈ ತೊಳೆದುಕೊಂಡ.

ಊರಿಗೆ ಬಂದವನು ನಿಜ ಹೇಳಬಹುದಿತ್ತು. ಹೇಳಲಿಲ್ಲ. ಬೇಡವಾದವನನ್ನು ಹೊರಗೆ ಹಾಕಿದರು ಎಂದು ಓಣಿಯವರ ಎದುರು, ಹೊಸ ಬೀಗರ ಎದುರು ಹೇಗೆ ಹೇಳುವುದು? ಅಬ್ಬಾಗೆ ವಯಸ್ಸಾಯಿತು, ಭಟ್ಟಿ ನೋಡಿಕೊಳ್ಳಲು ಬಂದೆ ಎಂದ. ಹೆಗಲಿಗೆ ಟವೆಲ್ ಹಾಕಿಕೊಂಡು ಕೆಲವು ವಾರ ಭಟ್ಟಿಯಲ್ಲಿ ಓಡಾಡಿದ. ಕುಂಟು ಮುಚ್ಚಿಡಲು ಆಗುವುದಲ್ಲ. ಒಂದು ಬೆಳಿಗ್ಗೆ, ತೊಟ್ಟಿಯಿಂದ ನೆನೆದ ಭತ್ತ ಎತ್ತುವ ಹೊತ್ತಿನಲ್ಲಿ, ಒದ್ದೆ ಚಪ್ಪಡಿಯ ಮೇಲೆ ಜಾರಿದ ಹಾಗೆ ಮಾಡಿ ಬಿದ್ದ. ಜಾರಿದ ಹಾಗೆ ಮಾಡಿ ಎಂದೆನಲ್ಲ, ಅದು ನನ್ನ ಮಾತಲ್ಲ, ಅವನೇ ನನಗೆ ಮುಂದೆ ಹೇಳಿದ್ದು. ಬೀಳುವುದು ಅವನಿಗೆ ಹೇಳಿಕೊಡಬೇಕೇ, ಜೀವನವಿಡೀ ಹುಲ್ಲಿನ ಮೇಲೆ ಜಾರಿದವನು. ಮೊಣಕಾಲು ಹಿಡಿದುಕೊಂಡು ಕೂಗಿದ. ಅಂದಿನಿಂದ ಊರಿಗೆಲ್ಲ ಗೊತ್ತಾಯಿತು, ಗೋವಾದಲ್ಲಿ ಕಪ್ ಗೆದ್ದ ನಯೀಮನ ಕಾಲು ಅಪ್ಪನ ಭಟ್ಟಿಯಲ್ಲಿ ಹೋಯಿತು ಎಂದು.

ಆ ಮಾತನ್ನು ಪೂರ್ತಿ ನಂಬಿದವರು ಮಕ್ತುಮ್ ಸಾಬ್. "ನನ್ನ ಅಂಗಳ ನಿನ್ನ ಕಾಲು ತಿಂತಲ್ಲೋ ಬೇಟಾ" ಎಂದು ಮಗನ ಪಾದ ಹಿಡಿಯಲು ಬಗ್ಗಿದರಂತೆ. ಮರುದಿನದಿಂದ ಅವರದ್ದೊಂದು ಹೊಸ ಕೆಲಸ ಶುರುವಾಯಿತು. ಬೆಳಗಿನ ನಮಾಜು ಮುಗಿಸಿ ಬಂದವರೇ ತೊಟ್ಟಿಯಿಂದ ಒಲೆಯವರೆಗೆ ಗೋಣಿಚೀಲ ಹಾಸುವುದು. ಒದ್ದೆಯಾದರೆ ತೆಗೆದು ಒಣಗಿಸಿ ಬೇರೆಯದು ಹಾಸುವುದು. ಬೇರೆ ಯಾವ ಭಟ್ಟಿಯಲ್ಲೂ ಹೀಗಿಲ್ಲ. ನೆನೆದ ಚೀಲದ ವಾಸನೆ ಎಂದು ಕೆಲಸದವರು ಗೊಣಗುತ್ತಿದ್ದರು. ಮೊಮ್ಮಗಳು ಮಹೀನ್ ಹುಟ್ಟಿದ ಮೇಲೆ ಅವಳನ್ನು ಆ ಅಂಗಳದಲ್ಲಿ ಕಾಲೂರಲು ಬಿಡಲಿಲ್ಲ. ಅತ್ತಿಂದಿತ್ತ ಹೋಗಬೇಕಾದರೆ ಹೆಗಲ ಮೇಲೆ ಹೊತ್ತೇ ದಾಟಿಸುತ್ತಿದ್ದರು, ಹುಡುಗಿ ಶಾಲೆಗೆ ಹೋಗುವಷ್ಟು ದೊಡ್ಡವಳಾದ ಮೇಲೂ. ತೀರಿಕೊಳ್ಳುವ ವಾರದಲ್ಲೂ ಗೋಡೆ ಹಿಡಿದುಕೊಂಡು ಬಂದು ಚೀಲ ಹಾಸಿದ್ದರು.

ಅವರ ಮಣ್ಣು ಮುಗಿಸಿ ಬಂದ ಮೇಲೆ ನಯೀಮ್ ನನ್ನ ಅಂಗಡಿಗೆ ಬಂದು, ಹಳೆ ಟೈರುಗಳ ರಾಶಿಯ ಮೇಲೆ ಕೂತು ಎಲ್ಲವನ್ನೂ ಹೇಳಿದ. ನಾನು ಬಾಯಿಗೆ ಬಂದಂತೆ ಬೈದೆ. ಬದುಕಿದ್ದಾಗ ಒಂದು ಮಾತು ಹೇಳಿದ್ದರೆ ಆ ಮುದುಕ ನೆಮ್ಮದಿಯಾಗಿ ಹೋಗುತ್ತಿದ್ದನಲ್ಲೋ ಎಂದೆ. ಹೆಂಡತಿ ಮಗಳಿಗಾದರೂ ಹೇಳು ಎಂದೆ.

"ಹೇಳ್ತೀನಿ ಬಿಡಣ್ಣ."

"ಯಾವಾಗ?"

"ಹೇಳ್ತೀನಂತೀನಲ್ಲ. ಜನ ಸನ್ಮಾನಕ್ಕೆ ಕರೀತಾರೆ. ಕಪ್ ಗೆದ್ದ ಕಥೆ ಕೇಳಾಕೆ ಕರೀತಾರೆ. ಕ್ಲಬ್ಬಿನೋರು ಒದ್ದು ಓಡಿಸಿದ್ರು ಅಂತ ಹೇಳಿದ್ರೆ ಮುಂದಿನ ಸಲ ಯಾರು ಕರೀತಾರೆ?"

ಸನ್ಮಾನ ಅವನಿಗೆ ಚಟವಾಗಿತ್ತು. ಬೇರೆ ಏನಿತ್ತು ಹೇಳಿ? ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂರಲು ಆಗದು, ಹಾಗಾಗಿ ಭಟ್ಟಿಯನ್ನು ದಿಲ್ಷಾದ್ ಬೇಗಮ್ಮೇ ನಡೆಸುತ್ತಾಳೆ. ಮಸೀದಿಯಲ್ಲಿ ಅವನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ನಮಾಜು ಮಾಡುತ್ತಾನೆ, ಎಡಬಲಕ್ಕೆ ಎಪ್ಪತ್ತು ದಾಟಿದ ಮುದುಕರು. ಆವರಗೆರೆ ಹತ್ತಿರ ಯಾರೋ ಬಲೆ ಕಟ್ಟಿ ಹಸಿರು ಚಾಪೆ ಹಾಸಿ ಟರ್ಫ್ ಮಾಡಿದ್ದಾರೆ. ಅಲ್ಲಿ ಲೈಟು ಹಾಕುವುದು, ಬುಕಿಂಗ್ ಮಾಡಿ ಬಂದವರಿಗೆ ಗೇಟು ತೆಗೆಯುವುದು ಇವನ ಕೆಲಸ. ಬರುವವರೆಲ್ಲ ಕ್ರಿಕೆಟ್ ಆಡುವವರು. ಅಂಕಲ್, ಬಾಲ್ ಹೊರಗೆ ಹೋಯ್ತು, ತಂದುಕೊಡ್ರಿ ಎಂದು ಇವನಿಗೇ ಹೇಳುತ್ತಾರೆ. ಅಂಥವನನ್ನು ವರ್ಷಕ್ಕೆ ನಾಲ್ಕು ಕಡೆ ಕರೆದು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರೆ ಬೇಡ ಎನ್ನುತ್ತಾನೆಯೇ? ಆ ಶಾಲುಗಳನ್ನು ದಿಲ್ಷಾದ್ ಬೇಗಂ ಮಂಡಕ್ಕಿ ಚೀಲದ ಮೇಲೆ ಧೂಳು ಬೀಳದಂತೆ ಹೊದಿಸುತ್ತಾಳೆ. ಅವಳಾದರೂ ಸರಿಯಾದ ಕೆಲಸಕ್ಕೆ ಬಳಸಿದಳು.

ಮಹೀನ್ ಆಡಲು ಶುರುಮಾಡಿದ್ದು ಆ ಟರ್ಫಿನಲ್ಲೇ, ಬುಕಿಂಗ್ ಇಲ್ಲದ ಮಧ್ಯಾಹ್ನಗಳಲ್ಲಿ. ಅಪ್ಪ ಕುರ್ಚಿ ಹಾಕಿಕೊಂಡು ಕೂತು ಹೇಳುತ್ತಿದ್ದ, ಮಗಳು ಓಡುತ್ತಿದ್ದಳು. ದಿಲ್ಷಾದ್ ಬೇಗಂ ಮೊದಮೊದಲು ಹಾರಾಡಿದಳು. ಹುಡುಗಿ ಪಿಯುಸಿಗೆ ಬಂದಳು, ಇನ್ನು ಚಡ್ಡಿ ಹಾಕಿಕೊಂಡು ಓಡುವುದು ಏನು ಚಂದ ಎಂದಳು. ಉದ್ದ ಪ್ಯಾಂಟು ಹಾಕಿಕೊಂಡೇ ಆಡುತ್ತೇನೆ ಎಂದು ಮಹೀನ್ ರಾಜಿ ಮಾಡಿಕೊಂಡಳು. ನಾನು ಒಂದು ದಿನ ನೋಡಲು ಹೋದೆ. ಹೆಜ್ಜೆ ಹಿಂದಿಟ್ಟು ಕಾಯುವುದು, ಚೆಂಡನ್ನೇ ನೋಡುವುದು, ಆ ಹೊತ್ತಿಗೆ ಸರಿಯಾಗಿ ಜಾರುವುದು. ಅದೇ ಬೆನ್ನು. ನಯೀಮನ ಕಡೆ ತಿರುಗಿದರೆ ಅವನು ಮಗಳನ್ನು ನೋಡುತ್ತ ನಗುತ್ತಿದ್ದ. ಅಷ್ಟು ಖುಷಿಯಾಗಿ ಅವನನ್ನು ನಾನು ಎಂದೂ ಕಂಡಿರಲಿಲ್ಲ. ದೇವರಾಣೆಗೂ ಆ ಹೊತ್ತು ಅವನ ಮೇಲೆ ನನಗೆ ಸಿಟ್ಟಿರಲಿಲ್ಲ.

ಅವಳನ್ನು ಜಿಲ್ಲೆಯ ಹುಡುಗಿಯರ ಟೀಮಿಗೆ ತೆಗೆದುಕೊಂಡವನು ವಿಜಯಕುಮಾರ್. ನಮ್ಮ ಅದೇ ಫಾರ್ವರ್ಡು, ಈಗ ಕೋಚು. ಹೊಟ್ಟೆ ಬಂದಿದೆ, ಕೊರಳಲ್ಲಿ ಸೀಟಿ ಬಂದಿದೆ, ಬುದ್ಧಿ ಮಾತ್ರ ಅಂದು ಎಲ್ಲಿತ್ತೋ ಅಲ್ಲೇ ಇದೆ. ಹೋದ ನವೆಂಬರಿನಲ್ಲಿ ಹರಿಹರದ ಹಳೇ ಕಾರ್ಖಾನೆ ಮೈದಾನದಲ್ಲಿ ಹುಡುಗಿಯರ ಟೂರ್ನಮೆಂಟ್ ಆಯಿತು. ರಾಜ್ಯದ ಕ್ಯಾಂಪಿಗೆ ಆರಿಸುವವರು ಫೈನಲ್ ನೋಡಲು ಬರುತ್ತಾರೆ, ಒಂದು ಸ್ಟಾಪರ್ ಜಾಗ ಖಾಲಿ ಇದೆ ಎಂದು ವಿಜಯಕುಮಾರ್ ಮಹೀನಳ ತಲೆ ತುಂಬಿದ್ದ. ಶನಿವಾರದ ಸೆಮಿಫೈನಲ್ಲಿನಲ್ಲಿ ಅವಳ ಮೊಣಕಾಲು ತಿರುಚಿಕೊಂಡಿತು. ನಾನೂ ಹೋಗಿರಲಿಲ್ಲ, ನಯೀಮನಿಗೂ ಟರ್ಫ್ ಬಿಟ್ಟು ಬರಲು ಆಗಿರಲಿಲ್ಲ. ಅವಳು ಕೋಚಿಗೆ ಮಾತ್ರ ಹೇಳಿದಳು. ಮನೆಯಲ್ಲಿ ಹಲ್ಲು ಕಚ್ಚಿ ನೇರವಾಗಿ ನಡೆದಳಂತೆ. ಮುಲಾಮಿನ ವಾಸನೆ ಬಂತು ಎಂದು ಅಮ್ಮಿ ಕೇಳಿದ್ದಕ್ಕೆ, ಆಡಿದ ಮೇಲೆ ಇದ್ದದ್ದೇ ಎಂದಳಂತೆ.

ಭಾನುವಾರ ಫೈನಲ್. ನಮ್ಮ ಕಡೆಯ ಪದ್ಧತಿ ಗೊತ್ತಲ್ಲ, ಚೆಂಡು ಉರುಳುವ ಮುಂಚೆ ವೇದಿಕೆ ಕಾರ್ಯಕ್ರಮ ಆಗಲೇಬೇಕು. ಆಡುವವರು ಬಿಸಿಲಿನಲ್ಲಿ ಕಾಯಬೇಕು, ಭಾಷಣದವರು ಶಾಮಿಯಾನದಲ್ಲಿ ಕೂರಬೇಕು. ಆ ದಿನದ ಸನ್ಮಾನ ಯಾರಿಗೆ? ನಯೀಮನಿಗೆ. ನಾನು ಹಳೇ ಅಭ್ಯಾಸದಂತೆ ಗೋಲಿನ ಹಿಂದೆ ನಿಂತಿದ್ದೆ. ಮೈದಾನದ ನಾಲ್ಕೂ ಮೂಲೆಗೆ ಸ್ಪೀಕರ್ ಕಟ್ಟಿದ್ದರು. ಕೆಮ್ಮು ಕೇಳಿಸಿತು. ಸಲಾಂ ಕೇಳಿಸಿತು. ಕುಂಬಳಕಾಯಿಗೆ ಬರುವಷ್ಟರಲ್ಲಿ ನಾನು ಎಂದಿನಂತೆ ಅಲ್ಲಿಂದ ಹೊರಟೆ, ಹುಡುಗಿಯರ ಟೀಮಿನ ಟೆಂಟಿನ ಕಡೆ ನಡೆದೆ.

ಟೆಂಟಿನೊಳಗೆ ಮಹೀನ್ ಬೆಂಚಿನ ಮೇಲೆ ಕೂತಿದ್ದಳು, ಪ್ಯಾಂಟು ತೊಡೆಯವರೆಗೆ ಮಡಿಸಿತ್ತು. ಒಬ್ಬ ಕಾಂಪೌಂಡರ್ ಅವಳ ಮೊಣಕಾಲಿಗೆ ಹತ್ತಿ ಒತ್ತಿ ಹಿಡಿದಿದ್ದ. ಅವನ ಇನ್ನೊಂದು ಕೈಯಲ್ಲಿ ಖಾಲಿ ಸಿರಿಂಜು. ವಿಜಯಕುಮಾರ್ ಕೈಕಟ್ಟಿ ನಿಂತಿದ್ದ.

"ಏನೋ ಇದು? ಏನ್ ಚುಚ್ಚಿಸಿದೆ ಹುಡುಗಿಗೆ?"

"ಸುಮ್ನಿರಣ್ಣ, ಸ್ವಲ್ಪ ನೋವೈತೆ, ಗೊತ್ತಾಗಬಾರದು ಅಂತ. ಅವ್ರಪ್ಪ ಮಾಡಿದ್ದೂ ಇದೇ ಅಲ್ವಾ? ಅಲ್ಲಿ ಕೇಳು, ಅದ್ನೇ ಹೇಳಾಕತ್ತಾನೆ."

ನಿಜವಾಗಿಯೂ ಆ ಕ್ಷಣಕ್ಕೆ ಸ್ಪೀಕರಿನಲ್ಲಿ "ಆಡ್ತೀನಿ, ಸೂಜಿ ಚುಚ್ರಿ ಅಂದೆ" ಎಂದು ಕೇಳಿಸಿತು. ಮಹೀನ್ ನನ್ನನ್ನು ನೋಡಿ ನಕ್ಕಳು. "ಮಾಮ, ಅಬ್ಬಾಗೆ ಈಗ ಹೇಳ್ಬ್ಯಾಡ್ರಿ. ಕಪ್ ತಗೊಂಡು ಹೋಗಿ ನಾನೇ ಹೇಳ್ತೀನಿ. ಎಷ್ಟು ಖುಷಿ ಪಡ್ತಾರೆ ನೋಡ್ರಿ." ಹೊರಗೆ ಚಪ್ಪಾಳೆ ಬಿತ್ತು.

ನಾನು ಓಡಿದೆ. ಈ ವಯಸ್ಸಿನಲ್ಲಿ ಓಡಿದ್ದು ಅಂದೇ. ವೇದಿಕೆ ಹತ್ತಿದರೆ ನಯೀಮ್ ತಲೆಗೆ ಪೇಟ, ಮೈಗೆ ಶಾಲು, ಕೊರಳಿಗೆ ಹಾರ ಹಾಕಿಕೊಂಡು ಫೋಟೋಕ್ಕೆ ನಿಂತಿದ್ದ. ಕಿವಿಯಲ್ಲಿ ಹೇಳಿದೆ. "ಲೇ, ನಿನ್ ಮಗಳ ಮೊಣಕಾಲಿಗೆ ಸೂಜಿ ಹಾಕಿಸಿ ಕಳಿಸ್ತಾ ಅದಾನೆ ಆ ವಿಜಯ. ನಿಲ್ಸು. ಈಗ್ಲೇ ನಿಲ್ಸು." ಅವನ ಮುಖದ ಬಣ್ಣ ಇಳಿದದ್ದು ನಾನು ಕಂಡೆ. ಕೇಳಿಸಲಿಲ್ಲ, ಅರ್ಥವಾಗಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಕೇಳಿಸಿತು, ಪೂರ್ತಿ ಕೇಳಿಸಿತು. ಅಷ್ಟರಲ್ಲಿ ಅತಿಥಿಗಳು ಆಟಗಾರ್ತಿಯರ ಕೈ ಕುಲುಕಬೇಕೆಂದು ಮೈಕಿನಲ್ಲಿ ಕರೆದರು. ಹುಡುಗಿಯರು ಮೈದಾನದ ನಡುವೆ ಸಾಲಾಗಿ ನಿಂತಿದ್ದರು.

ನಯೀಮ್ ಕುಂಟುತ್ತ ಸಾಲಿನುದ್ದಕ್ಕೂ ಕೈ ಕುಲುಕುತ್ತ ಹೋದ. ನಾನು ಪಕ್ಕದಲ್ಲೇ ಹೋದೆ. ಮಹೀನಳ ಮುಂದೆ ಬಂದು ನಿಂತ. ಅವಳ ಕೈ ಹಿಡಿದು ಸ್ವಲ್ಪ ಹೊತ್ತು ಬಿಡಲಿಲ್ಲ. ಈಗ ಹೇಳುತ್ತಾನೆ, ಈಗ ಸಾಲಿನಿಂದ ಎಳೆದುಕೊಂಡು ಬರುತ್ತಾನೆ ಎಂದು ನಾನು ಕಾದೆ. ಯಾಕೆ ಆಡಬಾರದು ಎಂದು ಅವಳು ಕೇಳಿದರೆ ಕಾರಣ ಹೇಳಬೇಕು. ಈಗಷ್ಟೇ ಚಪ್ಪಾಳೆ ಹೊಡೆದ ಅಷ್ಟೂ ಜನರ ಎದುರು ಹೇಳಬೇಕು.

"ಆಡ್ತೀಯಾ?" ಎಂದ. ಗೋವಾದ ಆ ಡಾಕ್ಟರು ಅವನನ್ನು ಕೇಳಿದ್ದೂ ಅದನ್ನೇ.

"ಆಡ್ತೀನಿ ಅಬ್ಬಾ."

ಅವನು ಅವಳ ಕೈ ಬಿಟ್ಟು ಪಕ್ಕದ ಹುಡುಗಿಯ ಕೈ ಹಿಡಿದ.

ನಾನು ರೆಫರಿಯ ಹತ್ತಿರ ಹೋಗಿ ಕೂಗಾಡಿದೆ. "ಆ ಹುಡ್ಗಿನೇ ಆಡ್ತೀನಿ ಅಂತಾಳೆ, ಅವ್ರಪ್ಪ ಇಲ್ಲೇ ಅದಾರೆ, ಅವ್ರೇ ಸುಮ್ನಿದಾರೆ. ನೀವು ಯಾರ್ರೀ?" ಎಂದ ರೆಫರಿ. ಸರಿಯಾದ ಪ್ರಶ್ನೆಯೇ. ಲೈನಿನ ಆಚೆ ಹೋಗ್ರಿ ಎಂದು ಇಬ್ಬರು ಹುಡುಗರು ನನ್ನ ತೋಳು ಹಿಡಿದು ಹೊರಗೆ ತಂದು ನಿಲ್ಲಿಸಿದರು.

ಅವಳು ಆಡಿದ್ದನ್ನು ಏನಂತ ಹೇಳಲಿ? ನಾನು ಅಂಥ ಆಟ ನೋಡಿದ್ದು ಒಬ್ಬನದ್ದೇ, ಅವನು ಲೈನಿನ ಹೊರಗೆ ಶಾಲು ಹೊದ್ದು ಸೋಫಾದಲ್ಲಿ ಕೂತಿದ್ದ. ಎದುರಿನ ಟೀಮಿನ ಎತ್ತರದ ಹುಡುಗಿಯೊಬ್ಬಳು ಎಷ್ಟು ಸಲ ನುಗ್ಗಿದರೂ ಮಹೀನ್ ಚೆಂಡು ಎತ್ತಿಕೊಂಡು ಏಳುತ್ತಿದ್ದಳು. ಆರಿಸಲು ಬಂದವರು ಅವಳ ಕಡೆ ಕೈ ತೋರಿಸಿ ಮಾತಾಡುವುದು ಕಾಣಿಸುತ್ತಿತ್ತು. ಎರಡನೇ ಅರ್ಧ ಮುಗಿಯುತ್ತ ಬಂದಿತ್ತು. ಚೆಂಡು ಅವಳ ಹತ್ತಿರವೂ ಇರಲಿಲ್ಲ. ಸುಮ್ಮನೆ ಹಿಂದಕ್ಕೆ ತಿರುಗಿದಳು, ಅಷ್ಟೆ, ಕುಸಿದಳು. ಕೂಗಲಿಲ್ಲ. ಸೂಜಿ ಇನ್ನೂ ಕೆಲಸ ಮಾಡುತ್ತಿತ್ತಲ್ಲ, ಕಾಲು ಯಾಕೆ ಮಾತು ಕೇಳುತ್ತಿಲ್ಲ ಎಂದು ಅದನ್ನೇ ನೋಡುತ್ತ ಕೂತಳು. ಎದ್ದು ನಿಲ್ಲಲು ಹೋದಳು, ಮತ್ತೆ ಬಿದ್ದಳು. ನಯೀಮ್ ಸೋಫಾದಿಂದ ಏಳಲು ಒದ್ದಾಡುತ್ತಿದ್ದ. ಅವನ ಕಾಲು ಮಡಿಸಿದರೆ ಬೇಗ ಬಿಚ್ಚುವುದಿಲ್ಲ. ಅವನು ಮೈದಾನಕ್ಕೆ ಬರುವಷ್ಟರಲ್ಲಿ ಅವಳನ್ನು ಹೊತ್ತು ಆಟೋದಲ್ಲಿ ಕೂರಿಸಿ ಆಗಿತ್ತು.

ಕಪ್ಪನ್ನು ನಮ್ಮ ಟೀಮೇ ಗೆದ್ದಿತು. ವಿಜಯಕುಮಾರ್ ಅದನ್ನು ತಲೆ ಮೇಲೆ ಎತ್ತಿ ಹಿಡಿದ ಫೋಟೋ ಎಲ್ಲರ ಮೊಬೈಲಿಗೂ ಬಂತು. ಕ್ಯಾಂಪಿಗೆ ಬೇರೆ ಊರಿನ ಹುಡುಗಿ ಹೋದಳು.

ದಾವಣಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಮೊಣಕಾಲಿನೊಳಗಿನ ನಾರು ಮೊದಲೇ ಹರಿದಿತ್ತು, ಅದರ ಮೇಲೆ ಆಡಿದ್ದರಿಂದ ಪೂರ್ತಿ ಕಿತ್ತು ಬಂದಿದೆ, ಪಕ್ಕದ ಮೆತ್ತೆಯೂ ಚಿಂದಿಯಾಗಿದೆ. ಆಪರೇಷನ್ ಮಾಡೋಣ, ನಡೆದಾಡಲು ತೊಂದರೆಯಿಲ್ಲ, ಆಟದ ಮಾತು ಈಗ ಬೇಡ ಎಂದರು. ದಿಲ್ಷಾದ್ ಬೇಗಂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದಳು. ಮಹೀನಳಿಗೆ ಮಾತ್ರ ಇನ್ನೂ ಧೈರ್ಯವಿತ್ತು. ಅಪ್ಪ ಮಂಚದ ಪಕ್ಕ ಕೂತ ಕೂಡಲೇ ಅವಳೇ ಸಮಾಧಾನ ಹೇಳಿದಳು.

"ಯಾಕ ಹಿಂಗ್ ಮುಖ ಮಾಡ್ಕೊಂಡೀರಿ ಅಬ್ಬಾ? ನಿಮಗೂ ಊದಿತ್ತಲ್ಲ, ಸೂಜಿ ತಗೊಂಡು ಆಡಿದ್ರಲ್ಲ. ಏನಾತು ನಿಮಗೆ? ಆಮೇಲೂ ಒಂದು ಸೀಸನ್ ಆಡಿದ್ರಿ. ಭಟ್ಟ್ಯಾಗೆ ಜಾರಿ ಬೀಳದಿದ್ರೆ ಇನ್ನೂ ಆಡ್ತಿದ್ರಿ. ನಾನು ಒಂದ್ ಸೀಸನ್ ಬಿಟ್ಟು ಆಡ್ತೀನಿ, ನೋಡ್ತಿರ್ರಿ."

ನಾನು ಬಾಗಿಲ ಹತ್ತಿರ ನಿಂತಿದ್ದೆ. ನಯೀಮ್ ನನ್ನ ಕಡೆ ನೋಡಿದ. ನಾನು ಕಣ್ಣು ತಪ್ಪಿಸಲಿಲ್ಲ.

ಅವನು ಹೇಳಿದ. ಎಂದೂ ಮೈಕಿನಲ್ಲಿ ಹೇಳದ್ದನ್ನು ಆಸ್ಪತ್ರೆಯ ಸ್ಟೂಲಿನ ಮೇಲೆ ಕೂತು, ಮಗಳ ಮುಖ ನೋಡದೆ, ಮಂಚದ ಕಬ್ಬಿಣದ ಕಾಲನ್ನು ನೋಡುತ್ತ ಹೇಳಿದ. ಸೂಜಿಯ ಮರುದಿನದ್ದು, ಮತ್ತೆ ಮತ್ತೆ ಚುಚ್ಚಿದ್ದು, ಬೆಂಗಳೂರಿನ ಡಾಕ್ಟರು ಹೇಳಿದ್ದು, ಮ್ಯಾನೇಜರ್ ಕೈ ಕುಲುಕಿದ್ದು. ಕೊನೆಗೆ ಭಟ್ಟಿಯ ಅಂಗಳದಲ್ಲಿ ಬೇಕೆಂದೇ ಬಿದ್ದದ್ದು. ನಡುವೆ ದಿಲ್ಷಾದ್ ಬೇಗಂ "ಯಾ ಅಲ್ಲಾ" ಎಂದಳು. ಮಹೀನ್ ಅಳುತ್ತಾಳೆ, ಕೂಗಾಡುತ್ತಾಳೆ, ಗೊತ್ತಿದ್ದೂ ನನ್ನನ್ನು ಯಾಕೆ ಮೈದಾನಕ್ಕೆ ಬಿಟ್ಟಿರಿ ಎಂದು ಕೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಅಜ್ಜನ ಮಾತು.

"ದಾದಾಗೆ ಗೊತ್ತಿತ್ತಾ?"

ನಯೀಮ್ ತಲೆ ಅಲ್ಲಾಡಿಸಿದ.

"ಕಡೀಗಾದ್ರೂ? ಹೋಗೋ ಮುಂಚೆ?"

"ಇಲ್ಲ ಬೇಟಿ."

ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಅಪ್ಪ ಕೈ ಚಾಚಿದ, ಅವಳು ತನ್ನ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು. ಎರಡು ದಿನ ಬಿಟ್ಟು ಟೂರ್ನಮೆಂಟಿನ ಕಮಿಟಿಯವರು ಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಬಂದರು. ಅಪ್ಪನಂತೆ ಮಗಳೂ ಸೂಜಿ ಚುಚ್ಚಿಸಿಕೊಂಡು ಆಡಿದಳು, ಇಬ್ಬರಿಗೂ ಒಟ್ಟಿಗೆ ಒಂದು ಸನ್ಮಾನ ಮಾಡಬೇಕೆಂದಿದ್ದೇವೆ ಎಂದರು. ಅವರನ್ನು ಮೆಟ್ಟಿಲವರೆಗೆ ಅಟ್ಟಿಸಿಕೊಂಡು ಹೋದದ್ದು ದಿಲ್ಷಾದ್ ಬೇಗಂ. ಹಣ್ಣಿನ ಬುಟ್ಟಿಯನ್ನೂ ಹಿಂದೆ ಕಳಿಸಿದಳು.

ಆಪರೇಷನ್ ಆಗಿ ಮನೆಗೆ ಕರೆತಂದ ದಿನ ನಾನೂ ಜೊತೆಗಿದ್ದೆ. ಅವರ ಮನೆಗೆ ಹೋಗಬೇಕಾದರೆ ಭಟ್ಟಿಯ ಅಂಗಳ ದಾಟಿಯೇ ಹೋಗಬೇಕು. ತೊಟ್ಟಿಯಿಂದ ಒಲೆಯವರೆಗೆ ಗೋಣಿಚೀಲ ಹಾಸಿತ್ತು. ಮಕ್ತುಮ್ ಸಾಬ್ ಹೋಗಿ ಇಷ್ಟು ವರ್ಷವಾದರೂ, ದೊಡ್ಡವರು ಮಾಡುತ್ತಿದ್ದರು ಎಂದು ಕೆಲಸದವರು ದಿನಾ ಬೆಳಿಗ್ಗೆ ಹಾಸುತ್ತಾರೆ. ಮಹೀನ್ ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈ ಅಮ್ಮಿಯ ಹೆಗಲ ಮೇಲೆ ಇಟ್ಟುಕೊಂಡು ಅಂಗಳದ ಅಂಚಿಗೆ ಬಂದು ನಿಂತುಬಿಟ್ಟಳು. ಊರುಗೋಲು ಜಾರೀತು, ಚೀಲದ ಮೇಲೆ ಕಾಲಿಡು ಎಂದು ದಿಲ್ಷಾದ್ ಬೇಗಂ ಹೇಳಿದಳು.

"ನಾನು ಇದ್ರ ಮೇಲೆ ಕಾಲಿಡಲ್ಲ" ಎಂದಳು. "ತೆಗೀರಿ."

ಕೆಲಸದವರು ಮುಂದೆ ಬಂದರು. ಅವಳು ಬೇಡ ಎಂದು ತಲೆ ಅಲ್ಲಾಡಿಸಿ ಅಪ್ಪನ ಕಡೆ ನೋಡಿದಳು. ನಯೀಮ್ ಅಂಗಳಕ್ಕೆ ಇಳಿದ. ಮೊಣಕಾಲು ಪೂರ್ತಿ ಮಡಿಸಲು ಆಗುವುದಿಲ್ಲವಲ್ಲ, ಕಾಲು ನೆಟ್ಟಗಿಟ್ಟು ಸೊಂಟದಿಂದ ಬಗ್ಗಿ, ತನ್ನ ಅಪ್ಪ ಹಾಸಲು ಶುರುಮಾಡಿದ್ದ ಚೀಲಗಳನ್ನು ಒಂದೊಂದಾಗಿ ಎತ್ತತೊಡಗಿದ. ನೀರು ಕುಡಿದ ಚೀಲ ಭಾರ ಇರುತ್ತದೆ. ನಡುವೆ ಎರಡು ಸಲ ಗೋಡೆ ಹಿಡಿದು ನಿಂತ. ಕೊನೆಯ ಚೀಲ ಎತ್ತುವವರೆಗೂ ಮಗಳು ಅಲ್ಲೇ ಒಂಟಿಕಾಲಲ್ಲಿ ನಿಂತು ನೋಡುತ್ತಿದ್ದಳು, ನಾನೂ ನೋಡುತ್ತಿದ್ದೆ, ಸಹಾಯಕ್ಕೆ ಹೋಗಲಿಲ್ಲ.